ಜೆರಾಕ್ಸಿಗೆ ಬಾರದ ಪದ

ನಾನು ಬಸ್ಸು ತಪ್ಪಿಸಿಕೊಂಡೆ. ಬಸ್ಸು ತಪ್ಪಿತು ಎಂದು ಬರೆಯಬಹುದಿತ್ತು, ನಮ್ಮ ಕಡೆ ಎಲ್ಲರೂ ಹಾಗೇ ಬರೆಯುತ್ತಾರೆ. ಆದರೆ ಆ ಊರಿಗೆ ಹೋಗಿಬಂದ ಮೇಲೆ ನನ್ನ ಕೈ ಕೆಟ್ಟುಹೋಗಿದೆ. ತಪ್ಪು, ಅಲ್ಲಿನ ಅಕ್ಕೋರು ನನ್ನ ಕೈ ಕೆಡಿಸಿದ್ದಾರೆ.

ಆಗ ನನಗೆ ಇಪ್ಪತ್ನಾಲ್ಕು ವರ್ಷ. ಅಪ್ಪ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದರಿಂದ ನನಗೆ ಸಂಹಿತಾ ಎಂದು ಹೆಸರಿಟ್ಟಿದ್ದರು. ಕಾನೂನು ಕಾಲೇಜಿನಲ್ಲಿ ಗೆಳತಿಯರು 'ದಂಡ ಸಂಹಿತೆ ಬಂದ್ಲು' ಎಂದು ರೇಗಿಸುತ್ತಿದ್ದರು. ಯುದ್ಧದಲ್ಲಿ ತಾವೇ ಗುರಿ ಆರಿಸಿಕೊಳ್ಳುವ ಯಂತ್ರಗಳು ತಪ್ಪು ಮಾಡಿದರೆ ಅಂತರರಾಷ್ಟ್ರೀಯ ಕಾನೂನು ಯಾರನ್ನು ಹಿಡಿಯಬೇಕು ಎಂಬುದರ ಮೇಲೆ ನಾನು ನೂರಾ ನಲವತ್ತು ಪುಟದ ಪ್ರಬಂಧ ಬರೆದಿದ್ದೆ. ಅದರಲ್ಲಿ ಎಂಬತ್ತು ಪುಟ ಒಂದೇ ಪದದ ಮೇಲಿತ್ತು. 'ಇಂಥ ಯಂತ್ರಗಳನ್ನು ಸೂಕ್ತ ಮಾನವ ಮೇಲ್ವಿಚಾರಣೆಯಲ್ಲಿ ಬಳಸತಕ್ಕದ್ದು' ಎಂದು ಹನ್ನೊಂದು ದೇಶಗಳ ಒಪ್ಪಂದದ ನಾಲ್ಕನೆಯ ಕಲಮು ಹೇಳುತ್ತದೆ. ಅಲ್ಲಿನ 'ಸೂಕ್ತ' ಎಂಬ ಪದ. ಮುರಿದುಬೀಳುತ್ತಿದ್ದ ಮಾತುಕತೆಯನ್ನು ಆ ಒಂದು ಪದ ಹಾಕಿ ಉಳಿಸಿದವರು ನೀಲಾಂಬಿಕಾ ಪಟ್ಟೇದ. ಅವರ ಕೈಕೆಳಗೆ ಮೂರು ತಿಂಗಳ ಸಂಶೋಧನಾ ಇಂಟರ್ನ್‌ಶಿಪ್ ಸಿಕ್ಕಿದ ದಿನ ನಾನು ಮನೆಯ ಮಹಡಿಯ ಮೇಲೆ ಒಬ್ಬಳೇ ಕುಣಿದೆ.

ಅಷ್ಟು ಕುಣಿದವಳು ಹೊರಡುವ ದಿನ ಮಲಗಿಬಿಟ್ಟೆ. ಒಂದು ದಿನ ತಡವಾಗಿ ಆ ಊರು ಸೇರಿ, ಯುದ್ಧ ನಿಯಮಗಳ ಸಂಸ್ಥೆಯ ಹಳೆಯ ಹೆಂಚಿನ ಕಟ್ಟಡದಲ್ಲಿ ಹಾಜರಿ ಪತ್ರ ಬರೆದುಕೊಟ್ಟೆ: 'ಬಸ್ಸು ತಪ್ಪಿದ ಕಾರಣ ತಡವಾಯಿತು.' ಮೇಜಿನ ಆಚೆ ಕುಳಿತಿದ್ದವರು ಕಾಟನ್ ಇಳಕಲ್ ಸೀರೆ ಉಟ್ಟು, ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ಅರವತ್ತರ ಹೆಂಗಸು. ಅವರು ಪತ್ರ ಓದಲಿಲ್ಲ, ಮೇಜಿನ ಮೇಲೆ ಇಟ್ಟುಕೊಂಡು ಚಹಾ ಕುಡಿಯತೊಡಗಿದರು. ನನಗೂ ಒಂದು ಕಪ್ ಕೊಡಿಸಿದರು. ಚಹಾ ಮುಗಿಯುವ ಹೊತ್ತಿಗೆ ಕಾಗದದ ಮೇಲಿದ್ದ ನನ್ನ ಅಕ್ಷರಗಳು ತೆಳುವಾಗಿ, ಕೊನೆಗೆ ಇಲ್ಲವಾದವು. ಕೆಳಗೆ ನನ್ನ ಸಹಿ ಮಾತ್ರ ಉಳಿಯಿತು.

"ಬಸ್ಸಿಗೇನ್ ಕಾಲ್ ಅದಾವೇನವಾ, ತಾನ ತಪ್ಪಿಸಿಕೊಂಡು ಹೋಗಾಕ?" ಎಂದರು ನೀಲಾಂಬಿಕಾ ಪಟ್ಟೇದ. "ನೀ ಏನ್ ಮಾಡಿದಿ, ಅದನ್ನ ಬರಿ."

'ನಾನು ಎಚ್ಚರವಾಗದೆ ಮಲಗಿದ್ದೆ, ಬಸ್ಸು ತಪ್ಪಿಸಿಕೊಂಡೆ' ಎಂದು ಬರೆದೆ. ಕಿವಿ ಕೆಂಪಾಗಿತ್ತು. ಆ ಅಕ್ಷರಗಳು ಇವತ್ತಿಗೂ ಅಲ್ಲಿನ ಫೈಲಿನಲ್ಲಿ ಗಟ್ಟಿಯಾಗಿ ಕೂತಿರುತ್ತವೆ.

ಆ ಊರು ಹಾಗೆಯೇ. ಮಳೆ ಬಂತು ಎಂದು ಬರೆದರೆ ನಿಲ್ಲುತ್ತದೆ, ಸೂರ್ಯ ಮುಳುಗಿದ ಎಂದರೂ ನಿಲ್ಲುತ್ತದೆ. ಮನುಷ್ಯರು ಮಾಡಿದ್ದನ್ನು ಮನುಷ್ಯರನ್ನು ಬಿಟ್ಟು ಬರೆದರೆ ಒಂದು ಕಪ್ ಚಹಾ ಆರುವಷ್ಟರಲ್ಲಿ ಅಳಿಸುತ್ತದೆ. ಪೆನ್ನಾದರೂ ಅಷ್ಟೆ, ಪ್ರಿಂಟರ್ ಆದರೂ ಅಷ್ಟೆ. ಊರಿನವರು ಇದಕ್ಕೆ ಎಷ್ಟು ಒಗ್ಗಿದ್ದರೆಂದರೆ ಯಾರೂ ಅದರ ಮಾತೇ ಆಡುತ್ತಿರಲಿಲ್ಲ. ನಾನಿದ್ದ ಓಣಿಯ ಟ್ರಾನ್ಸ್‌ಫಾರ್ಮರ್ ಕಂಬಕ್ಕೆ ಒಂದು ರಟ್ಟು ನೇತಾಡುತ್ತಿತ್ತು: 'ಲೈನ್‌ಮನ್ ಚನ್ನಬಸು ಎಂಬ ನಾನು ಫ್ಯೂಜ್ ತೆಗೆದೀನಿ. ಊಟ ಮಾಡಿ ಬಂದು ಹಾಕ್ತೀನಿ.' ಹೊರಗಿನಿಂದ ಬರುತ್ತಿದ್ದ ದಿನಪತ್ರಿಕೆ ಓದಲು ಸಿಗುತ್ತಿತ್ತು. ಊರಿನಲ್ಲೇ ಅಚ್ಚಾಗುತ್ತಿದ್ದ ಪತ್ರಿಕೆಯ ಅರ್ಧ ಪುಟ ಎಷ್ಟೋ ದಿನ ಬೆಳ್ಳಗಿರುತ್ತಿತ್ತು, ಅದನ್ನು ಮಿರ್ಚಿ ಭಜಿ ಕಟ್ಟಲು ಒಯ್ಯುತ್ತಿದ್ದರು. ಮದುವೆಯ ಕಾರ್ಡಿನಲ್ಲಿ ಗುರುಹಿರಿಯರು ನಿಶ್ಚಯಿಸಿದಂತೆ ಎಂದರೆ ಸಾಲದು, ಯಾವ ಹಿರಿಯರು ಎಂದು ಇರಬೇಕು. ಮುಂದೆ ಗಂಡ ಹೆಂಡಿರಿಗೆ ಜಗಳವಾದಾಗ ಅದೇ ಕಾರ್ಡು ಹಿಡಿದು, ಅದರಲ್ಲಿ ಹೆಸರಿದ್ದ ಸೋದರಮಾವನ ಮನೆಗೆ ಹೋಗುತ್ತಿದ್ದರು.

ಇಂಥ ಊರಿನಲ್ಲಿ ಯುದ್ಧದ ವರದಿ ಬರೆಯುವ ಸಂಸ್ಥೆ ಇಟ್ಟವರು ಯಾರೋ, ಅವರಿಗೆ ನಾನು ಕೈಮುಗಿಯುತ್ತೇನೆ. ಗಡಿಯಲ್ಲಿ ಏನಾದರೂ ನಡೆದರೆ ಎರಡೂ ಕಡೆಯವರು ಬೇರೆ ಯಾವ ಕಾಗದವನ್ನೂ ನಂಬುತ್ತಿರಲಿಲ್ಲ, ಈ ಊರಿನ ಕಾಗದದ ಮೇಲೆ ನಿಂತ ಅಕ್ಷರವನ್ನು ನಂಬುತ್ತಿದ್ದರು. ಆ ಅಕ್ಷರ ನಿಲ್ಲಿಸುವ ಕೆಲಸ ನೀಲಾಂಬಿಕಾ ಪಟ್ಟೇದ ಅವರದು. ಹಿಂದೆ ಕನ್ನಡ ಶಾಲೆಯಲ್ಲಿ ಕಲಿಸಿದವರಾದ್ದರಿಂದ ಊರಿಗೆಲ್ಲ ಅವರು ಅಕ್ಕೋರು. ಎರಡನೇ ವಾರಕ್ಕೆ ನನಗೂ ಅಕ್ಕೋರಾದರು.

ಅವರು ಕೆಲಸ ಮಾಡುವುದನ್ನು ನೋಡುವುದೇ ಒಂದು ಪಾಠ. ಯಾರನ್ನೂ 'ಏನಾಯ್ತು' ಎಂದು ಕೇಳುತ್ತಿರಲಿಲ್ಲ. ಜನರಲ್ ಇರಲಿ, ಜವಾನ ಇರಲಿ, ಒಂದೇ ಪ್ರಶ್ನೆ: "ನೀವು ಏನ್ ಮಾಡಿದ್ರಿ?" ಆಮೇಲೆ ಸುಮ್ಮನೆ ಕೂರುತ್ತಿದ್ದರು. ಅವರ ಸುಮ್ಮನಿರುವಿಕೆಯಲ್ಲಿ ಸಿಟ್ಟು ಇರುತ್ತಿರಲಿಲ್ಲ. ಲೆಕ್ಕ ತಪ್ಪಿದ ಮಗು ತಾನೇ ಸರಿ ಮಾಡಲಿ ಎಂದು ಕಾಯುವ ಟೀಚರಿನ ತಾಳ್ಮೆ ಇರುತ್ತಿತ್ತು. ಎದುರಿನವರು ಮೊದಲು 'ಆದೇಶವಿತ್ತು' ಎನ್ನುತ್ತಿದ್ದರು, ಆಮೇಲೆ 'ಆದೇಶ ಬಂತು', ಆಮೇಲೆ 'ಆದೇಶ ಕೊಟ್ಟರು', ಕೊನೆಗೆ 'ನಾನು ಕೊಟ್ಟೆ'. ನಾಲ್ಕು ಮೆಟ್ಟಿಲು ಇಳಿಯಲು ಕೆಲವರಿಗೆ ಒಂದು ಗಂಟೆ ಬೇಕಾಗುತ್ತಿತ್ತು, ಕೆಲವರಿಗೆ ಒಂದು ವಾರ. ಅಷ್ಟು ದೊಡ್ಡ ಹುದ್ದೆಯವರು ಇವರ ಮುಂದೆ ಕೂತು ಬೆವರು ಒರೆಸಿಕೊಳ್ಳುವಾಗ ನನಗೆ ಹೆಮ್ಮೆಯಿಂದ ಎದೆ ಉಬ್ಬುತ್ತಿತ್ತು, ನನ್ನ ಪಾಲು ಅದರಲ್ಲಿ ಏನೂ ಇಲ್ಲದಿದ್ದರೂ.

ಹಾಲಿನ ಗೋಡೆಯ ಮೇಲೆ ಆ ಒಪ್ಪಂದದ ನಾಲ್ಕನೇ ಕಲಮನ್ನು ಕಟ್ಟು ಹಾಕಿಸಿ ತೂಗುಹಾಕಿದ್ದರು. ದೂರದ ದೇಶದ ರಾಜಧಾನಿಯಲ್ಲಿ ಬರೆದು ಸಹಿ ಮಾಡಿದ ಹಾಳೆ ಅದು, ಅಲ್ಲಿನ ಶಾಯಿ ಈ ಊರಿಗೆ ಬಂದಮೇಲೂ ಹಾಗೇ ಇತ್ತು. ಪಕ್ಕದಲ್ಲಿ ಅಕ್ಕೋರಿಗೆ ಹಾರ ಹಾಕುತ್ತಿರುವ ಫೋಟೋ. ಪ್ರತಿದಿನ ಒಳಬರುವಾಗ ನಾನು ಆ ಪದವನ್ನು ಒಮ್ಮೆ ನೋಡಿಯೇ ಕೂರುತ್ತಿದ್ದೆ.

ಒಂದು ತಿಂಗಳು ಕಳೆದ ಮೇಲೆ ಫಕೀರವ್ವ ಬಂದರು. ಗುಡ್ಡದಾಚೆಯ ಹಳ್ಳಿಯವರು, ಐವತ್ತರ ಹತ್ತಿರದವರು, ಎರಡು ತಾಸು ನಡೆದು ಬಂದಿದ್ದರು. ಅವರ ತಮ್ಮ ಗುರುಪಾದ ಹುಣಸೆಹಣ್ಣು ಇಳಿಸುವ ಕೆಲಸದವನು. ಇನ್ನಿಬ್ಬರ ಜೊತೆ ಹೆಗಲ ಮೇಲೆ ದೋಟಿ ಇಟ್ಟುಕೊಂಡು ಗುಡ್ಡ ಹತ್ತುತ್ತಿದ್ದ. ಉದ್ದನೆಯ ಬಿದಿರುಗಳ ತುದಿಗೆ ಕಬ್ಬಿಣದ ಕೊಕ್ಕೆ, ಮಧ್ಯಾಹ್ನದ ಬಿಸಿಲಿಗೆ ಹೊಳೆಯುತ್ತಿದ್ದವು. ಗಡಿ ಕಾಯಲು ಗುಡ್ಡದ ಮೇಲೆ ನಿಲ್ಲಿಸಿದ್ದ ಯಂತ್ರ ಅವನ್ನು ಬಂದೂಕು ಎಂದು ಎಣಿಸಿತು. ಮೂವರೂ ಅಲ್ಲೇ ಸತ್ತರು. ಗಡಿ ಪಡೆಯವರು 'ಗುರುತಿಸುವಿಕೆಯಲ್ಲಿ ದೋಷ ಉಂಟಾಗಿದೆ' ಎಂದು ಹೇಳಿಕೆ ಕೊಟ್ಟು ಕೈತೊಳೆದುಕೊಂಡಿದ್ದರು.

"ಮಿಸಿನ್ ಕೊಂದೈತಿ ಅಂತಾರ್ರೀ ಅಕ್ಕೋರ. ಮಿಸಿನ್ನಿಗೆ ನನ್ನ ತಮ್ಮ ಏನ್ ಮಾಡಿದ್ದ? ಅದರ ಮನಿ ಮುಂದ ಹೋಗಿ ಜಗಳಾ ತಗಿದಿದ್ನೇನು?" ಎಂದರು ಫಕೀರವ್ವ. "ಯಾರು ಏನ್ ಮಾಡ್ಯಾರ, ಅದನ್ನ ಬರದು ಕೊಡ್ರಿ. ನನಗ ಬ್ಯಾರೆ ಏನೂ ಬ್ಯಾಡ."

ಬೇರೆ ಏನೂ ಬೇಡ ಎಂದರೂ ಅದರ ಹಿಂದೆ ಇನ್ನೊಂದಿತ್ತು. ವರದಿ ಬರುವತನಕ ಯಂತ್ರವನ್ನು ಆರಿಸಿಟ್ಟಿದ್ದರು. ಎರಡೂ ಕಡೆಯ ಆರು ಸದಸ್ಯರ ಆಯೋಗ ಈ ಊರಿಗೇ ಬಂದು ಸೋಮವಾರದಿಂದ ಬುಧವಾರದವರೆಗೆ ಕೂರಲಿತ್ತು. ಅಷ್ಟರಲ್ಲಿ ಅಳಿಸದ ವರದಿ ಸಿಗದಿದ್ದರೆ ಅದನ್ನು ಆಕಸ್ಮಿಕ ಎಂದು ಮುಗಿಸಿ, ಯಂತ್ರವನ್ನು ಇದ್ದ ಹಾಗೇ ಮತ್ತೆ ಚಾಲೂ ಮಾಡುತ್ತಿದ್ದರು. ಗುಡ್ಡದ ಮೇಲೆ ಹುಣಸೆ ಕಾಯಿ ಹಣ್ಣಾಗಿ ನಿಂತಿತ್ತು. ಈ ಸಲ ದೋಟಿ ಹಿಡಿದು ಹೋಗಬೇಕಾದವಳು ಫಕೀರವ್ವನ ಮಗಳು.

ಅಕ್ಕೋರು ಆ ವರದಿಯನ್ನು ನನಗೆ ಒಪ್ಪಿಸಿದರು. ನಾನು ಅವತ್ತೇ ಕೂತು ಬರೆದೆ, 'ಯಂತ್ರವು ಮೂವರನ್ನು ಕೊಂದಿತು.' ಚಹಾ ಕುಡಿಯುವಷ್ಟರಲ್ಲಿ ಹಾಳೆ ಬೆಳ್ಳಗಾಯಿತು. 'ಯಂತ್ರದ ಕೃತಕ ಬುದ್ಧಿಮತ್ತೆಯು ತಪ್ಪಾಗಿ ನಿರ್ಧರಿಸಿತು' ಎಂದು ಬರೆದೆ. ಅದು ಇನ್ನೂ ಬೇಗ ಹೋಯಿತು. ಚಹಾ ಮಾಡುವ, ಫೈಲು ಹೊರುವ, ಜೆರಾಕ್ಸ್ ತೆಗೆಯುವ ಇಮಾಮಸಾಬರು ಆ ಸಂಸ್ಥೆಯಲ್ಲಿ ಮೂವತ್ತು ವರ್ಷದಿಂದ ಇದ್ದವರು. ಬೆಳ್ಳನೆಯ ಹಾಳೆ ನೋಡಿ, "ಪ್ರಬಂಧ ಬರದೀರಿ ಅಂತ ಕೇಳಿದ್ದೆ, ಎಲ್ಲೈತ್ರಿ?" ಎಂದು ನನ್ನ ಕಾಲೆಳೆದರು.

ಅಕ್ಕೋರು ನಗಲಿಲ್ಲ. "ಯಂತ್ರದ ಹಿಂದ ಎಷ್ಟು ಕೈ ಅದಾವ, ಎಲ್ಲಾ ಹಿಡಕೊಂಡು ಬಾ" ಎಂದರು.

ಹದಿನೆಂಟು ದಿನ ಫೋನು ಮಾಡಿದೆ, ಪತ್ರ ಬರೆದೆ, ಅಕ್ಕೋರ ಜೊತೆ ಗಡಿ ಠಾಣೆಗೆ ಹೋದೆ. ಎಲ್ಲರಿಗೂ ಅದೇ ಪ್ರಶ್ನೆ ಕೇಳಿದೆ. ಯಂತ್ರ ಚಾಲೂ ಮಾಡಿದ ಸುಬೇದಾರ, ನೂರಕ್ಕೆ ಎಂಬತ್ತು ಹೋಲಿಕೆ ಇದ್ದರೆ ಸಾಕು ಎಂದು ಮಿತಿ ಇಟ್ಟ ಇಂಜಿನಿಯರ್, ಗುಡ್ಡದ ಜನ ದೋಟಿ ಹಿಡಿದು ಓಡಾಡುತ್ತಾರೆ ಎಂದು ಗೊತ್ತಿದ್ದೂ ಅದರ ಚಿತ್ರಗಳನ್ನು ಯಂತ್ರಕ್ಕೆ ಕಲಿಸದೇ ಬಿಟ್ಟ ಕಂಪನಿಯ ಮುಖ್ಯಸ್ಥ, ಹೀಗೆ ಒಬ್ಬೊಬ್ಬರೂ ಮೆಟ್ಟಿಲು ಇಳಿದರು. ಅವರ ಹೆಸರುಗಳು ವರದಿಯಲ್ಲಿವೆ, ಇಲ್ಲಿ ಬೇಡ. ಶಿವಯೋಗಿ ಒಬ್ಬನ ಹೆಸರು ಹೇಳುತ್ತೇನೆ, ಯಾಕೆಂದರೆ ಅವನು ಒಂದು ಮೆಟ್ಟಿಲನ್ನೂ ಬಳಸಲಿಲ್ಲ, ನೇರ ಕೆಳಗೇ ನಿಂತಿದ್ದ. ಯಂತ್ರ ಗುರಿ ತೋರಿಸಿದಾಗ ಪರದೆ ನೋಡಿ ಒಪ್ಪಿಗೆ ಕೊಡುವ ಕೆಲಸ ಅವನದು.

"ನಾನ ಒತ್ತಿದ್ದು ಮೇಡಂ" ಎಂದ ಫೋನಿನಲ್ಲಿ. "ನಲವತ್ತು ಪರದೆ ಒಬ್ಬನ ಮುಂದ. ಒಂದೊಂದಕ್ಕ ಆರು ಸೆಕೆಂಡು. ಆರು ಸೆಕೆಂಡು ನೋಡಿದೆ, ಒತ್ತಿದೆ."

"ಆರು ಸೆಕೆಂಡ್ ಸಾಕು ಅಂತ ಯಾರು ಹೇಳಿದ್ರು?"

"ಕರ್ನಲ್ ಸಾಹೇಬ್ರು. ಅವರನ್ನ ಕೇಳಿದ್ರ ಒಪ್ಪಂದ ತೋರಸ್ತಾರ. ಸೂಕ್ತ ಮೇಲ್ವಿಚಾರಣೆ ಅಂತ ಐತಿ, ಇಷ್ಟು ಸೆಕೆಂಡ ಅಂತ ಎಲ್ಲೂ ಇಲ್ಲ. ನಮಗ ಆರ ಸೂಕ್ತ ಅಂದ್ರು."

ಅವನ ಮಾತು ಬರೆದುಕೊಂಡೆ, ಕರ್ನಲ್ಲರ ಹೆಸರನ್ನೂ ಸೇರಿಸಿದೆ. ಶನಿವಾರ ಪೂರ್ತಿ ವರದಿ ಸಿದ್ಧವಾಯಿತು. ಎಲ್ಲರೂ ಇದ್ದರು, ಪ್ರತಿ ಸಾಲಿಗೂ ಮಾಡಿದವರಿದ್ದರು. ಅಕ್ಕೋರು, ಇಮಾಮಸಾಬರು, ನಾನು ಮೂವರೂ ಮೇಜಿನ ಸುತ್ತ ನಿಂತು ನೋಡಿದೆವು. ಚಹಾ ಆರಿತು. ಮೂರು ಸಾವು ಹೇಗಾದವು ಎಂಬ ಮುಖ್ಯ ಸಾಲೇ ಮಾಸಿ ಹೋಯಿತು. ನಾನು ಅಳುವುದೊಂದು ಬಾಕಿ.

"ಇನ್ನೂ ಒಬ್ರು ಉಳದಾರ" ಎಂದರು ಅಕ್ಕೋರು. "ಹುಡುಕು. ಸೋಮವಾರ ಆಗಲಿಲ್ಲಂದ್ರ ಬುಧವಾರತನಕ ಹೊತ್ತೈತಿ."

ಸೋಮವಾರ ಬೆಳಿಗ್ಗೆ, ವರದಿಗೆ ಲಗತ್ತಿಸಲು ನಾಲ್ಕನೇ ಕಲಮಿನ ಪ್ರತಿ ಬೇಕಾಗಿತ್ತು. ಗೋಡೆಯ ಕಟ್ಟು ಇಳಿಸಿ ಇಮಾಮಸಾಬರಿಗೆ ಕೊಟ್ಟೆ. ಜೆರಾಕ್ಸ್ ಯಂತ್ರ ಬಿಸಿ ಹಾಳೆ ಉಗುಳಿತು. ಇಮಾಮಸಾಬರು ಅದನ್ನು ಬೀಸಿ ಆರಿಸಿ ನನ್ನ ಕೈಗೆ ಕೊಡುವಷ್ಟರಲ್ಲಿ ಕಲಮಿನ ಸಂಖ್ಯೆ ಮಾತ್ರ ಇತ್ತು, ಸಾಲು ಇರಲಿಲ್ಲ.

"ಇದು ಇದಕ್ಕ ಹಳೇ ರೋಗ" ಎಂದರು ಇಮಾಮಸಾಬರು, ಯಂತ್ರದ ತಲೆಗೆ ಒಂದು ಏಟು ಕೊಟ್ಟು. "ಒಂಬತ್ತು ವರ್ಷ ಆತು, ಈ ಕಲಮು ಒಮ್ಮೆನೂ ತಗದಿಲ್ಲ. ಮೆಕ್ಯಾನಿಕ್ ಏಳು ಸಲ ಬಂದು ಹೋದ. ಅಕ್ಕೋರು ಅವಗ ಫೋನಿನ್ಯಾಗ ಬೈದಿದ್ದು ನೀವು ಕೇಳಬೇಕಿತ್ತು."

ಅಳಿಸುವ ಅಕ್ಷರದ ಊರಿನಲ್ಲಿ ಹುಟ್ಟಿ ಬೆಳೆದವರು ಒಂಬತ್ತು ವರ್ಷ ಜೆರಾಕ್ಸ್ ಯಂತ್ರವನ್ನು ದೂರಿದ್ದರು. ಗೋಡೆಯ ಮೇಲೆ ಹಾರದ ಫೋಟೋ ಪಕ್ಕದಲ್ಲಿದ್ದ ಪದ ಅಳಿಸುವ ಪದವಾಗಿರಬಹುದು ಎಂದು ಯಾರಿಗೂ ಅನ್ನಿಸಿರಲಿಲ್ಲ. ಎಂಬತ್ತು ಪುಟ ಬರೆದ ನನಗೂ ಅನ್ನಿಸಿರಲಿಲ್ಲ. ನಾನು ಒಂದು ಚೀಟಿ ತೆಗೆದುಕೊಂಡು ಬರೆದೆ: 'ನೀಲಾಂಬಿಕಾ ಪಟ್ಟೇದ ಅವರು ಸೂಕ್ತ ಎಂಬ ಪದ ಸೇರಿಸಿದರು.' ಕಿಟಕಿಯ ಹತ್ತಿರ ನಿಂತು ಕಾದೆ. ಅದು ನಿಂತರೆ ಉಳಿದ ಆ ಒಬ್ಬರು ಅಕ್ಕೋರೇ. ಅದು ಅಳಿಸಲಿ ಎಂದು ನಾನು ಬೇಡಿಕೊಂಡೆ. ಅಳಿಸಲಿಲ್ಲ.

ಆ ಚೀಟಿಯನ್ನು ಮಡಚಿ ನನ್ನ ಬ್ಯಾಗಿನ ಒಳಜೇಬಿಗೆ ಹಾಕಿಕೊಂಡೆ. ಅಕ್ಕೋರು ಕೇಳಿದಾಗ "ಇನ್ನೂ ಹುಡುಕ್ತಾ ಇದೀನಿ" ಎಂದೆ. ಮಾತಿಗೆ ಆ ಊರಿನಲ್ಲಿ ಯಾವ ಶಿಕ್ಷೆಯೂ ಇಲ್ಲ, ಬಾಯಲ್ಲಿ ಸುಳ್ಳು ಹೇಳಬಹುದು. ಅವರ ಮೇಲಿನ ಪ್ರೀತಿಯಿಂದ ಹೀಗೆ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ ನನ್ನ ಎಂಬತ್ತು ಪುಟಗಳು.

ಸೋಮವಾರ ಫಕೀರವ್ವ ಬಂದು ಹೊರಗಿನ ಬೆಂಚಿನ ಮೇಲೆ ಸಂಜೆತನಕ ಕೂತು ಹೋದರು. ಮಂಗಳವಾರ ಮತ್ತೆ ಬಂದರು. ಆಯೋಗದವರು ಒಳಗೆ ಗಡಿಯಾರ ನೋಡುತ್ತ ಬೇರೆ ಫೈಲು ತಿರುವುತ್ತಿದ್ದರು. ಬುಧವಾರ ಬೆಳಿಗ್ಗೆ ನಾನು ಬಾಗಿಲು ದಾಟುವಾಗ ಫಕೀರವ್ವ ಬೆಂಚಿನ ಮೇಲೆ ಚಪ್ಪಲಿ ಬಿಚ್ಚಿ, ಹಿಮ್ಮಡಿಯ ಸೀಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು.

"ಇವತ್ತ ಕಡೀ ದಿನಾ ಅಂತಲ್ಲ ತಂಗಿ?" ಎಂದರು. "ಸಿಗವಲ್ಲರೇನು ಆ ಒಬ್ರು? ನೀ ಊಟಾ ನಿದ್ದಿ ಬಿಟ್ಟು ಹುಡುಕಾಕತ್ತೀದಿ ಅಂತ ಇಮಾಮಸಾಬ ಹೇಳಿದ. ಬಾಳ ಪುಣ್ಯದ ಕೆಲಸ ಮಾಡಾಕತ್ತಿ." ಸೆರಗಿನ ಗಂಟು ಬಿಚ್ಚಿ, ಬೆಲ್ಲ ಸೇರಿಸಿ ಕುಟ್ಟಿದ ಹುಣಸೆಹಣ್ಣಿನ ಒಂದು ಉಂಡೆ ನನ್ನ ಕೈಯಲ್ಲಿಟ್ಟರು. "ತಮ್ಮ ಹ್ವಾದ ವರ್ಷ ಇಳಿಸಿದ ಹಣ್ಣು. ತಿನ್ನು."

ಉಂಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋಗಿ ಆ ಚೀಟಿಯನ್ನು ಅಕ್ಕೋರ ಮೇಜಿನ ಮೇಲೆ ಇಟ್ಟೆ.

ಅವರು ಕನ್ನಡಕ ಏರಿಸಿ ಓದಿದರು. ಎರಡನೇ ಸಲ ಓದಿದರು. ಆಮೇಲೆ ಕನ್ನಡಕ ಇಳಿಸಿ ಬಾಗಿಲಾಚೆ ಕಾಣುತ್ತಿದ್ದ ಜೆರಾಕ್ಸ್ ಯಂತ್ರವನ್ನು ನೋಡಿದರು.

"ಆ ಮೆಕ್ಯಾನಿಕ್‌ಗ ಒಂಬತ್ತು ವರ್ಷ ಬೈದೆನಲ್ಲವಾ" ಎಂದರು.

ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ. ನೀವು ಆ ಪದ ಹಾಕದಿದ್ದರೆ ಒಪ್ಪಂದವೇ ಇರುತ್ತಿರಲಿಲ್ಲ, ಇಲ್ಲದಿದ್ದರೆ ಇನ್ನೂ ಕೆಟ್ಟದಾಗುತ್ತಿತ್ತು, ನನ್ನ ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಅದನ್ನೇ ಸಾಧಿಸಿದ್ದೇನೆ, ನೀವು ಯಾರನ್ನೂ ಕೊಂದಿಲ್ಲ ಅಕ್ಕೋರೇ ಎಂದೆ.

"ಕೊಂದೆ ಅಂತ ನಾ ಎಲ್ಲಿ ಬರೀತೀನಿ? ಏನ್ ಮಾಡೀನಿ, ಅಷ್ಟ ಬರೀತೀನಿ" ಎಂದರು. "ಮೊದಲಿನ ಕರಡಿನ್ಯಾಗ, ಪ್ರತಿ ಸಲ ಒಬ್ಬ ಮನುಷ್ಯ ನೋಡಿ, ತಿಳಕೊಂಡು, ತಾನ ಹೇಳಿದ ಮ್ಯಾಲ ಹೊಡೀಬೇಕು ಅಂತಿತ್ತು. ಸಂಜೀ ಐದಕ್ಕ ಹಾಲ್ ಖಾಲಿ ಮಾಡಬೇಕಿತ್ತು. ನಾಕು ದೇಶದವರು ಎದ್ದು ಬಾಗಲದ ಕಡೆ ಹೊಂಟ್ರು. ನಾನು ಆ ಸಾಲು ಹೊಡದು ಈ ಪದ ಹಾಕಿದೆ. ಎಲ್ಲಾರೂ ಬಂದು ಕೂತ್ರು, ಚಪ್ಪಾಳಿ ಹೊಡದ್ರು. ಅದು ಖಾಲಿ ಪಾತ್ರಿ, ಯಾರು ಬೇಕಾದ್ರೂ ಏನು ಬೇಕಾದ್ರೂ ಹಾಕ್ಕೋಬಹುದು ಅಂತ ನನಗ ಅವಾಗನ ಗೊತ್ತಿತ್ತು. ಅದಕ್ಕ ಹಾಕಿದೆ."

ಅವರು ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಚೀಟಿ ಯಾವಾಗ ಬರೆದದ್ದು ಎಂದೂ ಕೇಳಲಿಲ್ಲ. ಪೆನ್ನಿಗೆ ಶಾಯಿ ತುಂಬಿಕೊಂಡು, ಸೆರಗು ಸರಿಮಾಡಿಕೊಂಡು, ಆಯೋಗ ಕೂತಿದ್ದ ಹಾಲಿಗೆ ನಡೆದರು. ನಾನು ಹಿಂದೆ ಹೋದೆ. ಅವರಂಥ ಇನ್ನೊಬ್ಬರನ್ನು ನಾನು ಕಂಡಿಲ್ಲ. ಅದುವರೆಗೆ ನಾನು ಮೆಚ್ಚಿದ್ದು ಒಂದು ಪದವನ್ನು. ಆ ಹತ್ತು ಹೆಜ್ಜೆಯಲ್ಲಿ ಅವರನ್ನು ಮೆಚ್ಚಿದೆ.

ಆಯೋಗದ ಮುಂದೆ ವರದಿ ಬರೆಯುವುದಕ್ಕೆ ಅಲ್ಲಿ ಒಂದು ಕ್ರಮವಿದೆ. ಎಲ್ಲರೂ ನೋಡುವಂತೆ ಬರೆಯಬೇಕು. ಮೇಜಿನ ಮೇಲೆ ಕುದಿಯುವ ಚಹಾದ ಕಪ್ಪು ಇಡುತ್ತಾರೆ. ಅದು ಆರುವತನಕ ಯಾರೂ ಮಾತಾಡುವ ಹಾಗಿಲ್ಲ. ಒಂದು ಸಾಲು ಅಳಿಸಿದರೂ ಇಡೀ ವರದಿ ಇಲ್ಲದಂತೆಯೇ. ಆರೂ ಸದಸ್ಯರು ಒಂದು ಕಡೆ ಕೂತಿದ್ದರು, ಫಕೀರವ್ವ ಇನ್ನೊಂದು ಕಡೆ. ಇಮಾಮಸಾಬರು ಕಪ್ಪು ಇಟ್ಟು ಗೋಡೆಗೆ ಒರಗಿ ನಿಂತರು.

ಅಕ್ಕೋರು ಬರೆದರು. ಸತ್ತ ಮೂವರ ಹೆಸರು, ಸುಬೇದಾರ, ಇಂಜಿನಿಯರ್, ಕಂಪನಿಯ ಮುಖ್ಯಸ್ಥ, ಶಿವಯೋಗಿ, ಕರ್ನಲ್. ಆಮೇಲೆ ಒಂದು ಕ್ಷಣವೂ ನಿಲ್ಲಿಸದೆ, ಅದೇ ಗಾತ್ರದ ಅಕ್ಷರದಲ್ಲಿ: 'ಪ್ರತಿ ಸಲ ಮನುಷ್ಯ ನೋಡಿಯೇ ಹೇಳಬೇಕು ಎಂಬ ಸಾಲನ್ನು ನೀಲಾಂಬಿಕಾ ಪಟ್ಟೇದ ಎಂಬ ನಾನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಸೂಕ್ತ ಎಂದು ಬರೆದೆ. ಅದಕ್ಕೆ ಅರ್ಥವಿಲ್ಲ ಎಂದು ನನಗೆ ಗೊತ್ತಿತ್ತು.' ಸದಸ್ಯರೊಬ್ಬರು ತಲೆಯೆತ್ತಿ ಗೋಡೆಯ ಕಟ್ಟು ನೋಡಿ ಮತ್ತೆ ತಲೆ ತಗ್ಗಿಸಿದರು. ಕೊನೆಗೆ ಪದ್ಧತಿಯಂತೆ ಅಕ್ಕೋರು ಒಂದು ಸಾಲು ಸೇರಿಸಿದರು: 'ಈ ವರದಿ ಎರಡು ದಿನ ತಡವಾಗಿದೆ.'

ಚಹಾದ ಹಬೆ ನಿಂತಿತು. ಮೇಲೆ ಕೆನೆ ಕಟ್ಟಿತು. ಹಾಳೆಯ ಮೇಲೆ ಗುರುಪಾದ ಇದ್ದ. ಶಿವಯೋಗಿ ಇದ್ದ. ಅಕ್ಕೋರ ಹೆಸರು ಕಪ್ಪಗೆ, ಗಟ್ಟಿಯಾಗಿ ಇತ್ತು. ನಾನು ಉಸಿರು ಬಿಡಬೇಕು ಎನ್ನುವಾಗ ಕೊನೆಯ ಸಾಲು ಮಾಸತೊಡಗಿತು.

'ಎರಡು ದಿನ' ಹೋಯಿತು. 'ತಡವಾಗಿದೆ' ಹೋಯಿತು. ಆಯೋಗದ ಅಧ್ಯಕ್ಷರು ಕುರ್ಚಿಯಲ್ಲಿ ಕದಲಿದರು. ಅಕ್ಕೋರು ಆ ಬಿಳಿ ಜಾಗವನ್ನು ನೋಡಿದರು, ಆಮೇಲೆ ತಿರುಗಿ ನನ್ನನ್ನು ನೋಡಿದರು. ಮೊದಲ ದಿನ ಬಸ್ಸಿನ ಪತ್ರ ಇಟ್ಟುಕೊಂಡು ಚಹಾ ಕುಡಿದಾಗ ನೋಡಿದ್ದರಲ್ಲ, ಅದೇ ನೋಟ. ಸಿಟ್ಟಿರಲಿಲ್ಲ, ಕಾಯುತ್ತಿದ್ದರು. ಪೆನ್ನನ್ನು ನನ್ನ ಕಡೆ ಸರಿಸಿದರು.

ಫಕೀರವ್ವ ನೋಡುತ್ತಿದ್ದರು. ಪುಣ್ಯದ ಕೆಲಸ ಎಂದವರು. ನನ್ನ ಎಡಗೈಯಲ್ಲಿ ಅವರ ಉಂಡೆ ಬೆವರಿಗೆ ಅಂಟಿಕೊಂಡಿತ್ತು. ನನಗೆ ಓಡಿಹೋಗಬೇಕು ಅನ್ನಿಸಿತು, ನಿಜವಾಗಿಯೂ ಬಾಗಿಲು ಎಷ್ಟು ದೂರ ಎಂದು ನೋಡಿದೆ. ಆಮೇಲೆ ಬಗ್ಗಿ ಬರೆದೆ: 'ಅಕ್ಕೋರ ಹೆಸರನ್ನು ಸಂಹಿತಾ ಎಂಬ ನಾನು ಎರಡು ದಿನ ಮುಚ್ಚಿಟ್ಟೆ. ನಾನು ತಡಮಾಡಿದೆ.' ಬರೆದುದನ್ನು ಜೋರಾಗಿ ಓದಿ ಹೇಳಿದೆ, ಫಕೀರವ್ವನಿಗೆ ಓದಲು ಬರುತ್ತಿರಲಿಲ್ಲ.

ಇಮಾಮಸಾಬರು ಎರಡನೇ ಕಪ್ಪು ತಂದಿಟ್ಟರು. ಅದು ಆರಲು ಕಾದಷ್ಟು ನನ್ನ ಜೀವನದಲ್ಲಿ ಇನ್ನು ಯಾವುದಕ್ಕೂ ಕಾದಿಲ್ಲ. ಆರಿತು. ಸಾಲು ನಿಂತಿತು.

ಫಕೀರವ್ವ ಎದ್ದು ಬಂದು ಹಾಳೆಯ ಮೇಲೆ ಬೆರಳಿಟ್ಟು ಉಜ್ಜಿ, ಬೆರಳು ತಿರುಗಿಸಿ ನೋಡಿದರು. ಶಾಯಿ ಹತ್ತಿರಲಿಲ್ಲ. "ಅಕ್ಕೋರ, ನಿಮ್ಮನ್ನ ಮಾಫ್ ಮಾಡೀನಿ ಅಂತ ನನ್ನ ಬಾಯಾಗ ಬರಂಗಿಲ್ರಿ" ಎಂದರು. "ಆದ್ರ ಗೊತ್ತಾತು. ಅಷ್ಟ ಕೇಳಾಕ ಬಂದಿದ್ದೆ."

"ಬ್ಯಾಡವ್ವಾ" ಎಂದರು ಅಕ್ಕೋರು. "ಮಾಫ್ ಮಾಡಬ್ಯಾಡ."

ಆಮೇಲೆ ಫಕೀರವ್ವ ನನ್ನ ಕಡೆ ತಿರುಗಿದರು. ಕಪಾಳಕ್ಕೆ ಹೊಡೆದರೂ ನಾನು ನಿಂತುಕೊಳ್ಳುತ್ತಿದ್ದೆ. "ಎರಡು ದಿನ ನೀ ಮುಚ್ಚಿಟ್ಟಿ. ಆ ಎರಡು ದಿನ ನಾ ಗುಡ್ಡಾ ಹತ್ತಿ ಇಳದೀನಿ. ಅದನ್ನೂ ಬರಿ ತಂಗಿ."

ಬರೆದೆ. ಅದಕ್ಕೆ ಯಾರೂ ಚಹಾ ಇಡಲಿಲ್ಲ.

ಆಯೋಗದ ಆರೂ ಸದಸ್ಯರು ಅದೇ ಸಂಜೆ 'ಗುಡ್ಡದ ಯಂತ್ರವನ್ನು ನಾವು ಇಳಿಸುತ್ತೇವೆ' ಎಂದು ತಮ್ಮ ತಮ್ಮ ಹೆಸರು ಬರೆದು ಆದೇಶ ಹೊರಡಿಸಿದರು. ಅಕ್ಕೋರು ಗೋಡೆಯಿಂದ ಫೋಟೋ ಇಳಿಸಿದರು, ಕಲಮನ್ನು ಮಾತ್ರ ಅಲ್ಲೇ ಬಿಟ್ಟರು. ಅದರ ಪಕ್ಕ ಜೆರಾಕ್ಸಿನ ಬಿಳಿ ಹಾಳೆಗೂ ಕಟ್ಟು ಹಾಕಿಸಿದರು. ಮುಂದಿನ ವಾರ, 'ಆ ಪದವನ್ನು ತೆಗೆಯಿರಿ' ಎಂದು ಹನ್ನೊಂದು ದೇಶಗಳಿಗೆ ಪತ್ರ ಬರೆಯಲು ಕೂತರು. ಮೊದಲ ಪತ್ರ ಮಾತ್ರ ಮೆಕ್ಯಾನಿಕ್ಕಿಗೆ ಹೋಯಿತು. ನನ್ನ ಉಳಿದ ಇಂಟರ್ನ್‌ಶಿಪ್ ಪೂರ್ತಿ ನಾನು ಆ ಹನ್ನೊಂದು ಪತ್ರಗಳ ಕರಡು ತಿದ್ದಿ ವಿಳಾಸ ಬರೆದೆ. ನನ್ನ ಎಂಬತ್ತು ಪುಟಗಳನ್ನು ಊರಿಗೆ ಬಂದು ಮತ್ತೆ ಬರೆಯುತ್ತಿದ್ದೇನೆ, ಈಗ ಹನ್ನೆರಡು ಪುಟ ಆಗಿದೆ.

ಆ ಬುಧವಾರ ಸಂಜೆ ಇಮಾಮಸಾಬರು ವರದಿಯ ಒಂದು ಪ್ರತಿ ತೆಗೆದು ಫಕೀರವ್ವನಿಗೆ ಕೊಟ್ಟರು. ಒಂದಕ್ಷರವೂ ಮಾಸದೆ ಬಂದಿತ್ತು. ಇಮಾಮಸಾಬರು ಯಂತ್ರವನ್ನು ಒರೆಸಿ ಬಟ್ಟೆ ಹೊದಿಸಿದರು. ಫಕೀರವ್ವ ಮೆಟ್ಟಿಲ ಮೇಲೆ ಕೂತು, ತಮ್ಮನ ಹೆಸರು ಎಲ್ಲಿದೆ ತೋರಿಸು ಎಂದರು. ತೋರಿಸಿದೆ. ಅಕ್ಕೋರದ್ದು ಎಲ್ಲಿ, ನಿನ್ನದು ಎಲ್ಲಿ ಎಂದರು. ತೋರಿಸಿದೆ. ಕೊನೆಗೆ ತಾನು ನಡೆದದ್ದು ಎಲ್ಲಿದೆ ಎಂದು ಕೇಳಿದರು. ಅವರ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟೆ. 'ಫಕೀರವ್ವ ನಡೆದರು.' ಅದನ್ನು ಎರಡು ಸಲ ಓದಿಸಿಕೊಂಡು, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡು, ಚಪ್ಪಲಿ ಮೆಟ್ಟಿ ಗುಡ್ಡದ ದಾರಿ ಹಿಡಿದರು.